ಕೆಮ್ಮಣ್ಣಿನ ಮಳೆ ಗ್ರಾಫಾಗಿ ಉಳಿಯಬೇಕಾದರೆ

ಮಳೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬೆಳಗ್ಗೆ ಎಂಟೂವರೆಗೆ ಮುಗಿಯುತ್ತದೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಇಂದಿನ ಮಳೆ ಎಂದರೆ ನಿನ್ನೆ ಬೆಳಗ್ಗೆ 8.30ರಿಂದ ಇಂದು ಬೆಳಗ್ಗೆ 8.30ರವರೆಗೆ ಮಳೆಮಾಪಕದಲ್ಲಿ ಕೂಡಿದ ನೀರು. 2020ರ ಸೆಪ್ಟೆಂಬರ್ 19ರ ಶನಿವಾರ ರಾತ್ರಿ ಉಡುಪಿ ಜಿಲ್ಲೆಯಲ್ಲಿ ಹಿಡಿದ ಮಳೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಭಾನುವಾರ ಬೆಳಗಾಗುವಷ್ಟರಲ್ಲಿ ಸ್ವರ್ಣಾ ನದಿ ದಡ ಮೀರಿತ್ತು, ಉಡುಪಿ ಪೇಟೆಯ ತಗ್ಗು ಜಾಗಗಳೆಲ್ಲ ನೀರಿನಲ್ಲಿದ್ದವು. ದಾಖಲೆಯಲ್ಲಿ ಆ ರಾತ್ರಿಯ ಮಳೆ ಪೂರ್ತಿ 20ರ ತಾರೀಖಿಗೆ ಸೇರುತ್ತದೆ. ಆ ತಾರೀಖನ್ನು ಹಾಗೆಯೇ ಎತ್ತಿ ಗ್ರಾಫಿಗೆ ಹಾಕಿ ನೋಡಿ: ಮಳೆಯ ಕಂಬ 20ರ ಹಗಲಿನ ಮೇಲೆ ನಿಲ್ಲುತ್ತದೆ, ನೀರಿನ ಗೆರೆ ಅದಕ್ಕಿಂತ ಮುಂಚೆ, 20ರ ಮುಂಜಾನೆಯೇ ಏರಿಬಿಟ್ಟಿರುತ್ತದೆ. ಮಳೆಗಿಂತ ಮೊದಲೇ ನೆರೆ ಬಂತು ಎಂದು ಚಿತ್ರ ಹೇಳುತ್ತದೆ. ಅಂಕಿ ಒಂದೂ ತಪ್ಪಿಲ್ಲ, ಆದರೂ ಚಿತ್ರ ಸುಳ್ಳು.

ಕೆಮ್ಮಣ್ಣಿನಂಥ ಊರಿಗೆ ಈ ಕೆಲವು ಗಂಟೆಗಳ ವ್ಯತ್ಯಾಸ ದೊಡ್ಡದು. ಅಲ್ಲಿಯ ನೆರೆಗೆ ಅಲ್ಲಿ ಬಿದ್ದ ಮಳೆಯೊಂದೇ ಕಾರಣವಲ್ಲ. ಕಾರ್ಕಳ ಕಡೆಯ ಘಟ್ಟದ ಮಗ್ಗುಲಿನಿಂದ ಇಳಿಯುವ ಸ್ವರ್ಣೆ ಬಜೆಯ ಅಣೆಕಟ್ಟು ದಾಟಿ, ಮಣಿಪಾಲದ ಗುಡ್ಡವನ್ನು ಬಳಸಿ, ಕಲ್ಯಾಣಪುರದ ಹೆದ್ದಾರಿ ಸೇತುವೆಯ ಕೆಳಗೆ ಹಾದು ಕೆಮ್ಮಣ್ಣಿಗೆ ಬರುತ್ತಾಳೆ. ಅಲ್ಲಿ ಕುದ್ರು ಎಂಬ ನಡುಗಡ್ಡೆಗಳ ನಡುವೆ ಹಂಚಿಹೋಗಿ, ಕೋಡಿ ಬೆಂಗ್ರೆಯ ಹತ್ತಿರ ಸೀತಾ ನದಿಯ ಜೊತೆ ಕಡಲು ಸೇರುತ್ತಾಳೆ. ತೂಗುಸೇತುವೆ ನೋಡಲೆಂದು ತಿಮ್ಮಣ್ಣಕುದ್ರುವಿಗೆ ಬರುವವರು ಕಾಣುವ ಅಗಲವಾದ ನೀರು ಅರ್ಧ ನದಿಯದು, ಅರ್ಧ ಕಡಲಿನದು. ದಿನಕ್ಕೆ ಎರಡು ಸಲ ಉಬ್ಬರ ಬಂದು ಹೋಗುವ ಜಾಗ ಅದು. ಕಾರ್ಕಳದಲ್ಲಿ ರಾತ್ರಿಯಿಡೀ ಸುರಿದ ನೀರು ಕೆಳಗಿಳಿದು ಬರುವ ಹೊತ್ತಿಗೆ ಇಲ್ಲಿ ಇಳಿತವಿದ್ದರೆ ಗದ್ದೆಯ ಅಂಚಿನವರೆಗೆ ಬಂದು ನಿಲ್ಲಬಹುದು. ಉಬ್ಬರವಿದ್ದರೆ ಅಂಗಳಕ್ಕೆ ಬರುತ್ತದೆ. ಇನ್ನು ಕಾಪುವಿನಲ್ಲಿ ಎಷ್ಟೇ ಸುರಿದರೂ ಆ ನೀರು ಸ್ವರ್ಣೆಗೆ ಬರುವುದಿಲ್ಲ, ಅದರ ದಾರಿ ಬೇರೆ. ಹಾಗಾಗಿ ಜಿಲ್ಲೆಯ ಸರಾಸರಿ ಮಳೆ ಎಂಬ ಒಂದು ಅಂಕಿಯಿಂದ ಕೆಮ್ಮಣ್ಣಿನವರಿಗೆ ಹೆಚ್ಚೇನೂ ತಿಳಿಯದು. ಅವರಿಗೆ ಬೇಕಾದದ್ದು ಒಂದೇ ಹಾಳೆಯ ಮೇಲೆ ಮೂರು ಸಂಗತಿ: ಮೇಲಿನ ಊರುಗಳ ಮಳೆ, ತಮ್ಮೂರಿನ ನೀರಿನ ಮಟ್ಟ, ಉಬ್ಬರದ ಹೊತ್ತು.

ಅಂಕಿಗಳಿಗೆ ಬರವಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ, 15 ನಿಮಿಷಕ್ಕೊಮ್ಮೆ ಬೆಂಗಳೂರಿನ ಯಲಹಂಕಕ್ಕೆ ಅಳತೆ ಕಳಿಸುತ್ತವೆ. ಉಬ್ಬರ ಇಳಿತಕ್ಕೆ ಮಂಗಳೂರು ಬಂದರಿನ ವೇಳಾಪಟ್ಟಿ ಇದೆ. ನೀರಿನ ಮಟ್ಟಕ್ಕೆ ಸೇತುವೆಯ ಕಂಬದ ಮೇಲೆ ಬಣ್ಣದಲ್ಲಿ ಬರೆದ ಅಳತೆಪಟ್ಟಿಯೂ ಅದನ್ನು ಹೊತ್ತುಹೊತ್ತಿಗೆ ಓದಿ ಬರೆದಿಡುವ ಒಬ್ಬರೂ ಸಾಕು. ಕೊರತೆ ಇರುವುದು ಈ ಅಂಕಿಗಳು ಚಿತ್ರವಾಗುವ ಬಗೆಯಲ್ಲಿ.

ಈಗ ನಡೆಯುವುದು ಏನೆಂದರೆ, ಯಾರೋ ಒಬ್ಬರು ಅಂಕಿಗಳನ್ನು ಎಕ್ಸೆಲ್ಲಿಗೆ ಹಾಕುತ್ತಾರೆ, ಒಂದು ಚಾರ್ಟ್ ಆರಿಸುತ್ತಾರೆ, ಪರದೆಯ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ದುಬೈ, ಮುಂಬಯಿಯಲ್ಲಿರುವ ಮಕ್ಕಳು ಅದನ್ನೇ ಹಿಗ್ಗಿಸಿ ಊರಿನ ಸ್ಥಿತಿ ಊಹಿಸುತ್ತಾರೆ. ಮುಂದಿನ ವಾರ ಇನ್ನೊಬ್ಬರು ಇನ್ನೊಂದು ಚಾರ್ಟ್ ಹಾಕುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಳೆ ಎರಡೂ ವಾರ ಒಂದೇ ಸಮ ಸುರಿದಂತೆ ಕಾಣುತ್ತದೆ. ಕಾರಣ ಸರಳ. ಅಳತೆಯ ಗೆರೆಯ ಎತ್ತರವನ್ನು ಸಾಫ್ಟ್‌ವೇರ್ ತಾನೇ ನಿರ್ಧರಿಸಿದೆ. ಮೊದಲ ವಾರದ ಗರಿಷ್ಠ 60 ಮಿಲಿಮೀಟರ್ ಆದರೆ ಕಂಬ ಚೌಕಟ್ಟಿನ ತುದಿ ಮುಟ್ಟುತ್ತದೆ. ಎರಡನೆಯ ವಾರದ್ದು 240 ಆದರೂ ಅಷ್ಟೇ ಮುಟ್ಟುತ್ತದೆ. ಪಕ್ಕದಲ್ಲಿ ಬರೆದ ಸಣ್ಣ ಅಂಕಿಯನ್ನು ಫೋನಿನಲ್ಲಿ ಓದುವವರು ಯಾರು?

ನಾನು ಹೇಳಬೇಕೆಂದಿರುವುದು ಇಷ್ಟೇ: ಗ್ರಾಫನ್ನು ಕೈಯಿಂದ ಮಾಡಿ ಕೈಯಿಂದ ಉಳಿಸುವುದನ್ನು ಬಿಡೋಣ. ಅಂಕಿ ಓದುವ ಪ್ರೋಗ್ರಾಮೇ ಚಿತ್ರ ಬರೆಯಲಿ, ಬರೆದದ್ದನ್ನು ಹೆಸರಿಟ್ಟು ಅದೇ ಉಳಿಸಲಿ. ಹಾಗೆ ಮಾಡಿದರೆ ಇವತ್ತಿನ ಚಿತ್ರ ಹೇಗೆ ಬಂತೆಂಬುದನ್ನು ಹತ್ತು ವರ್ಷದ ನಂತರವೂ ತೋರಿಸಿಕೊಡಬಹುದು. ನಾಳೆ ಅಂಕಿ ತಿದ್ದುಪಡಿಯಾಗಿ ಬಂದರೆ ಒಂದು ಆಜ್ಞೆಯಲ್ಲಿ ಎಲ್ಲ ಚಿತ್ರಗಳನ್ನೂ ಮತ್ತೆ ಬರೆಸಬಹುದು. ಸ್ಕ್ರೀನ್‌ಶಾಟಿಗೆ ಹುಟ್ಟಿದ ಊರಿಲ್ಲ, ತಾರೀಖಿಲ್ಲ, ತಿದ್ದುವ ದಾರಿಯೂ ಇಲ್ಲ.

ಇದಕ್ಕೆ ಬೇಕಾದ ಸಾಧನಗಳೆಲ್ಲ ಉಚಿತ. 1986ರಿಂದ ಇರುವ ಗ್ನೂಪ್ಲಾಟ್ ಇದೆ, ಸಂಖ್ಯಾಶಾಸ್ತ್ರದವರ ಆರ್ ಭಾಷೆ ಇದೆ, ಪೈಥಾನ್ ಕಲಿತವರಿಗೆ ಮ್ಯಾಟ್‌ಪ್ಲಾಟ್‌ಲಿಬ್ ಇದೆ. ಈ ಕೊನೆಯದನ್ನು ಶುರುಮಾಡಿದವರು ಜಾನ್ ಹಂಟರ್. ಷಿಕಾಗೋದಲ್ಲಿ ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಅಭ್ಯಾಸ ಮಾಡುತ್ತಿದ್ದ ಸಂಶೋಧಕ ಅವರು. ಹಣ ಕೊಟ್ಟು ಪರವಾನಗಿ ಪಡೆಯಬೇಕಾದ ಸಾಫ್ಟ್‌ವೇರಿಗೆ ಕಟ್ಟುಬೀಳದೆ ಎಲ್ಲರೂ ಬಳಸಬಹುದಾದ ಒಂದು ಸಾಧನ ಬೇಕೆಂದು ತಾವೇ ಬರೆದು 2003ರಲ್ಲಿ ಹೊರಗೆ ಬಿಟ್ಟರು. 2012ರ ಆಗಸ್ಟ್‌ನಲ್ಲಿ, ನಡುವಯಸ್ಸಿನಲ್ಲೇ, ಕ್ಯಾನ್ಸರ್ ಚಿಕಿತ್ಸೆಯ ತೊಡಕುಗಳಿಂದ ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸವನ್ನು ನೂರಾರು ಜನ ಸ್ವಯಂಸೇವಕರು ಮುಂದುವರಿಸಿದ್ದಾರೆ. 2019ರ ಏಪ್ರಿಲ್‌ನಲ್ಲಿ ಜಗತ್ತು ಕಂಡ ಮೊದಲ ಕಪ್ಪುಕುಳಿಯ ಚಿತ್ರದ ಹಿಂದಿನ ಕೆಲಸದಲ್ಲೂ ಇದರ ಪಾಲಿತ್ತು. ಅದೇ ಸಾಧನ ಕಾಸಿಲ್ಲದೆ ಕೆಮ್ಮಣ್ಣಿನ ಹೈಸ್ಕೂಲು ಹುಡುಗಿಯ ಲ್ಯಾಪ್‌ಟಾಪಿಗೂ ಸಿಗುತ್ತದೆ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಂಡಿಲ್ಲ.

ಪ್ರೋಗ್ರಾಮ್ ದೊಡ್ಡದೇನಲ್ಲ, ಇಪ್ಪತ್ತು ಸಾಲಿನೊಳಗೆ ಮುಗಿಯುತ್ತದೆ. ಮೊದಲು ಮಳೆಯ ಫೈಲ್ ಓದಬೇಕು, ನಂತರ ಚೌಕಟ್ಟು ತೆರೆಯಬೇಕು, ಕಂಬ ನಿಲ್ಲಿಸಬೇಕು, ಹೆಸರು ಬರೆಯಬೇಕು, ಕೊನೆಗೆ ಸೇವ್‌ಫಿಗ್ ಎಂಬ ಆಜ್ಞೆ ಕೊಟ್ಟು ಉಳಿಸಬೇಕು. ಕಷ್ಟವಿರುವುದು ಸಾಲುಗಳ ಸಂಖ್ಯೆಯಲ್ಲಲ್ಲ, ಒಂದೊಂದು ಸಾಲು ತೆಗೆದುಕೊಳ್ಳುವ ತೀರ್ಮಾನದಲ್ಲಿ.

ಓದುವ ಸಾಲನ್ನೇ ನೋಡಿ. ನಾವು 05/07/2024 ಎಂದು ಬರೆದರೆ ಜುಲೈ 5. ಪೈಥಾನಿನಲ್ಲಿ ಕೋಷ್ಟಕ ಓದುವ ಸಾಧನವಾದ ಪಾಂಡಾಸ್‌ಗೆ ಏನೂ ಹೇಳದೆ ಬಿಟ್ಟರೆ ಅಮೆರಿಕದ ಪದ್ಧತಿಯಂತೆ ಅದು ಮೇ 7. ಹಳೆಯ ಆವೃತ್ತಿಗಳಲ್ಲಿ ಇದು ಸದ್ದಿಲ್ಲದೆ ನಡೆದುಹೋಗುತ್ತಿತ್ತು: ಜುಲೈ 13ರಿಂದ ಮುಂದಿನ ದಿನಗಳು ಸರಿಯಾಗಿ ಕೂರುತ್ತಿದ್ದವು, ಮೊದಲ 12 ದಿನಗಳ ಮಳೆ ಮಾತ್ರ ಜನವರಿಯಿಂದ ಡಿಸೆಂಬರ್‌ವರೆಗೆ ಪ್ರತಿ ತಿಂಗಳ ಏಳನೇ ತಾರೀಖಿಗೆ ಹಂಚಿಹೋಗುತ್ತಿತ್ತು. ಕೋಷ್ಟಕದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಗ್ರಾಫ್ ಬರೆದ ಕ್ಷಣ ಬೀಳುತ್ತದೆ, ಯಾಕೆಂದರೆ ಜನವರಿ 7ರಂದು ಉಡುಪಿಯಲ್ಲಿ 120 ಮಿಲಿಮೀಟರ್ ಮಳೆ ಎಂದರೆ ಮಳೆಗಾಲ ಕಂಡ ಯಾವ ಕರಾವಳಿಯವರೂ ನಂಬುವುದಿಲ್ಲ. ಗ್ರಾಫ್ ಬೇರೆಯವರಿಗೆ ತೋರಿಸುವುದಕ್ಕಷ್ಟೇ ಅಲ್ಲ, ಅಂಕಿಯನ್ನು ಪರೀಕ್ಷಿಸುವುದಕ್ಕೂ ಬೇಕು. ಹೊಸ ಆವೃತ್ತಿಗಳು ಇಂಥ ಗೊಂದಲ ಕಂಡರೆ ಹೆಚ್ಚಾಗಿ ದೂರುತ್ತವೆ, ಆದರೂ ದಿನ ಮೊದಲು ಎಂದು ಬಾಯಿಬಿಟ್ಟು ಹೇಳುವುದೇ ಕ್ಷೇಮ.

ಎರಡನೆಯದು ಖಾಲಿ ಜಾಗ. ಆಟಿ ತಿಂಗಳ ಮಳೆಯಲ್ಲಿ ಮಾಪಕದ ಬಾಯಿಗೆ ಎಲೆ ಸಿಕ್ಕಿಕೊಳ್ಳುತ್ತದೆ, ಬ್ಯಾಟರಿ ಕೈಕೊಡುತ್ತದೆ. ಆ ದಿನದ ಕಾಲಂ ಖಾಲಿ. ಖಾಲಿ ಎಂದರೆ ಸೊನ್ನೆಯಲ್ಲ. ಗೆರೆಯ ಗ್ರಾಫಿನಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಖಾಲಿ ದಿನದಲ್ಲಿ ಗೆರೆಯನ್ನು ಕಡಿದು ಬಿಡುತ್ತದೆ, ನೋಡುವವರಿಗೆ ಗೊತ್ತಾಗುತ್ತದೆ. ಕಂಬದ ಗ್ರಾಫಿನಲ್ಲಿ ಹಾಗಲ್ಲ. ಮಳೆ ಬಾರದ ದಿನಕ್ಕೂ ಕಂಬವಿಲ್ಲ, ಮಾಪಕ ಕೆಟ್ಟ ದಿನಕ್ಕೂ ಕಂಬವಿಲ್ಲ. ಎರಡೂ ಒಂದೇ ಥರದ ಬಯಲು. ಹಾಗಾಗಿ ಅಂಕಿ ಸಿಗದ ದಿನಕ್ಕೆ ಬೂದು ಬಣ್ಣದ ಪಟ್ಟಿ ಹಾಕುವ ಎರಡು ಸಾಲು ಪ್ರೋಗ್ರಾಮಿನಲ್ಲಿ ಇರಲೇಬೇಕು. ಜೂನ್ 1ರಿಂದ ಕೂಡಿಸುತ್ತಾ ಹೋಗುವ ಒಟ್ಟು ಮಳೆಯ ಗೆರೆಯಲ್ಲಿ ಇನ್ನೂ ಜೋಕೆ ಬೇಕು. ಪಾಂಡಾಸ್ ಖಾಲಿ ದಿನವನ್ನು ಹಾರಿ ಮುಂದೆ ಹೋಗುತ್ತದೆ, ಅಂದರೆ ಮಾಪಕ ಕೆಟ್ಟ ದಿನದ ಮಳೆ ಒಟ್ಟು ಲೆಕ್ಕದಲ್ಲಿ ಸೊನ್ನೆಯೇ ಆಗಿ ಸೇರಿಕೊಳ್ಳುತ್ತದೆ. ಮಾಪಕ ಕೈಕೊಡುವುದು ಬಿಸಿಲಿನ ದಿನಕ್ಕಿಂತ ಜಡಿಮಳೆಯ ದಿನವೇ ಹೆಚ್ಚು. ಋತುವಿನ ಒಟ್ಟು ಮೊತ್ತ ಕಡಿಮೆ ಕಂಡಾಗ ಮಳೆ ಕೊರತೆ ಎಂದು ಬರೆಯುವ ಮೊದಲು ಬೂದು ಪಟ್ಟಿಗಳನ್ನು ಎಣಿಸಬೇಕು.

ಎತ್ತರದ ಅಳತೆಯನ್ನು ನಾವೇ ಕಟ್ಟಿಬಿಡಬೇಕು. ಸೊನ್ನೆಯಿಂದ 400 ಮಿಲಿಮೀಟರ್ ಎಂದರೆ ಎಲ್ಲ ವಾರಕ್ಕೂ, ಎಲ್ಲ ವರ್ಷಕ್ಕೂ ಅದೇ. ಸಾಮಾನ್ಯ ದಿನಗಳ ಕಂಬ ಗಿಡ್ಡವಾಗಿ ಕಾಣುತ್ತದೆ, ಕಾಣಲಿ. ಅದರ ಮೇಲೆ ಅಡ್ಡಕ್ಕೆ ಮೂರು ತೆಳು ಗೆರೆ ಎಳೆದರೆ ಚಿತ್ರಕ್ಕೆ ಮಾತು ಬರುತ್ತದೆ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಗೆ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. 204 ಎಂದರೆ ಸಾವಿರ ಚದರ ಅಡಿಯ ತಾರಸಿಯ ಮೇಲೆ ಒಂದೇ ದಿನದಲ್ಲಿ ಸುಮಾರು 19 ಸಾವಿರ ಲೀಟರ್. ಜಲವಿಜ್ಞಾನದವರಲ್ಲಿ ಇನ್ನೊಂದು ಪದ್ಧತಿಯಿದೆ: ಮಳೆಯ ಕಂಬಗಳನ್ನು ಚೌಕಟ್ಟಿನ ಮೇಲಂಚಿನಿಂದ ಕೆಳಮುಖವಾಗಿ ತೂಗುಬಿಟ್ಟು, ನದಿಯ ಮಟ್ಟದ ಗೆರೆಯನ್ನು ಕೆಳಗೆ ಎಳೆಯುತ್ತಾರೆ. ಮೇಲಿನಿಂದ ಮಳೆ, ಕೆಳಗಿನಿಂದ ನೀರು. ಕಾರ್ಕಳದ ಕಂಬ ಉದ್ದವಾದ ಎಷ್ಟು ಹೊತ್ತಿಗೆ ಕೆಮ್ಮಣ್ಣಿನ ಗೆರೆ ಎದ್ದಿತು ಎಂಬುದು ಇಂಥ ಚಿತ್ರದಲ್ಲಿ ಬೆರಳಿಟ್ಟು ಅಳೆಯುವಷ್ಟು ಸ್ಪಷ್ಟ. ಅಕ್ಷವನ್ನು ತಲೆಕೆಳಗು ಮಾಡಲು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಒಂದು ಸಾಲು ಸಾಕು. ಕಂಬದ ಅಗಲ ಮಾತ್ರ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೇ ಇರಬೇಕು. 15 ನಿಮಿಷದ ಅಂಕಿ ಸಿಕ್ಕರಂತೂ ಆ ತಾಪತ್ರಯವೂ ಇಲ್ಲ.

ಉಳಿಸುವ ಸಾಲಿಗೆ ಬರೋಣ. ಹೊಸಬರೆಲ್ಲ ಒಮ್ಮೆಯಾದರೂ ಎದುರಿಸುವ ತೊಡಕು ಇಲ್ಲಿದೆ. ಮೊದಲು ಷೋ ಎಂದು ಚಿತ್ರವನ್ನು ಪರದೆಗೆ ತಂದು, ನೋಡಿ ತೃಪ್ತಿಯಾಗಿ ಕಿಟಕಿ ಮುಚ್ಚಿ, ಆಮೇಲೆ ಸೇವ್‌ಫಿಗ್ ಕೊಟ್ಟರೆ ಫೈಲಿನಲ್ಲಿ ಬಿಳಿ ಹಾಳೆ ಮಾತ್ರ ಇರುತ್ತದೆ. ಕಿಟಕಿ ಮುಚ್ಚಿದಾಗಲೇ ಆ ಚಿತ್ರ ಹೋಯಿತು, ನಂತರದ ಆಜ್ಞೆ ಹೊಸದೊಂದು ಖಾಲಿ ಚೌಕಟ್ಟನ್ನು ಉಳಿಸಿತು. ಉಳಿಸುವುದು ಮೊದಲು, ತೋರಿಸುವುದು ನಂತರ. ಗ್ನೂಪ್ಲಾಟಿನವರಿಗೆ ತೊಡಕು ಬೇರೆ: ಔಟ್‌ಪುಟ್ ಫೈಲನ್ನು ಕೊನೆಗೆ ಮುಚ್ಚದಿದ್ದರೆ ಚಿತ್ರ ಅರ್ಧಕ್ಕೆ ನಿಂತಿರಬಹುದು.

ನಿಜವಾದ ಲಾಭ ಇರುವುದು ತೋರಿಸುವ ಗೋಜಿಗೇ ಹೋಗದೆ ಉಳಿಸುವುದರಲ್ಲಿ. ಪ್ರತಿದಿನ ಬೆಳಗ್ಗೆ ಒಂಬತ್ತಕ್ಕೆ ಯಾರೂ ಕೂರದೆ, ಪರದೆಯೇ ಇಲ್ಲದ ಒಂದು ಸಣ್ಣ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಓಡಬೇಕು. ಅದಕ್ಕಾಗಿಯೇ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಆಗ್ ಎಂಬ ಹಿನ್ನೆಲೆ ಸಾಧನವಿದೆ. ಅದು ಕಿಟಕಿ ತೆರೆಯುವುದಿಲ್ಲ, ಚುಕ್ಕೆಗಳನ್ನು ನೇರವಾಗಿ ಫೈಲಿಗೆ ಬರೆಯುತ್ತದೆ. ಹೀಗೆ ತಾನಾಗಿ ಓಡುವಾಗ ಮೂರು ವಿಷಯ ನೆನಪಿರಲಿ. ಫೈಲ್ ಎಲ್ಲಿಗೆ ಹೋಗಬೇಕೆಂಬ ಪೂರ್ತಿ ವಿಳಾಸ ಕೊಡದಿದ್ದರೆ ಪ್ರೋಗ್ರಾಮ್ ಯಾವ ಫೋಲ್ಡರಿನಲ್ಲಿ ನಿಂತು ಓಡಿತೋ ಅಲ್ಲಿ ಬೀಳುತ್ತದೆ, ಮತ್ತೆ ಹುಡುಕಾಟ. ಅದೇ ಹೆಸರಿನ ಹಳೆಯ ಫೈಲ್ ಇದ್ದರೆ ಕೇಳದೆ ಅಳಿಸಿ ಅದರ ಮೇಲೆಯೇ ಬರೆಯುತ್ತದೆ. ಉಳಿಸಿದ ಚಿತ್ರವನ್ನು ಕ್ಲೋಸ್ ಮಾಡದಿದ್ದರೆ ಅದು ನೆನಪಿನಲ್ಲೇ ಕೂತಿರುತ್ತದೆ. 20 ದಾಟಿದಾಗ ಮ್ಯಾಟ್‌ಪ್ಲಾಟ್‌ಲಿಬ್ ಎಚ್ಚರಿಕೆ ಕೊಡುತ್ತದೆ. ಜಿಲ್ಲೆಯ ಎಲ್ಲ ಪಂಚಾಯಿತಿಗಳಿಗೂ ಒಂದೊಂದು ಚಿತ್ರ ಬರೆಸುವಾಗ ಈ ಎಚ್ಚರಿಕೆ ಬಂದೇ ಬರುತ್ತದೆ. ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿರಲಿ. ಕೆಮ್ಮಣ್ಣು-2025-07-15 ಎಂದಿಟ್ಟರೆ ಫೋಲ್ಡರಿನಲ್ಲಿ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಯಾವ ರೂಪದಲ್ಲಿ ಉಳಿಸಬೇಕು? ಫೋಟೊಗೆ ಜೆಪೆಗ್ ಒಳ್ಳೆಯದು, ಗ್ರಾಫಿಗೆ ಅಲ್ಲ. ಚೂಪಾದ ಗೆರೆ, ಅಕ್ಷರಗಳ ಸುತ್ತ ಅದು ಮಸುಕು ಕೊಳೆ ಹಿಡಿಸುತ್ತದೆ. ಪಿಎನ್‌ಜಿ ಹಾಗೆ ಮಾಡುವುದಿಲ್ಲ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿ ಜೆಪೆಗ್ ಮಾಡಿಯೇ ಕಳಿಸುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೆ ಹೋಗುತ್ತದೆ. ಹಿನ್ನೆಲೆ ಪಾರದರ್ಶಕವಾಗಿದ್ದರೆ ಕತ್ತಲೆ ಬಣ್ಣದ ಪರದೆ ಇಟ್ಟುಕೊಂಡವರ ಫೋನಿನಲ್ಲಿ ಕಪ್ಪು ಅಕ್ಷರ ಕಾಣುವುದೇ ಇಲ್ಲ, ಹಾಗಾಗಿ ಬಿಳಿ ಹಿನ್ನೆಲೆಯೇ ಇರಲಿ. ಮ್ಯಾಟ್‌ಪ್ಲಾಟ್‌ಲಿಬ್ ಏನೂ ಹೇಳದಿದ್ದರೆ 640 ಚುಕ್ಕೆ ಅಗಲದ ಚಿತ್ರ ಉಳಿಸುತ್ತದೆ. ಪತ್ರಿಕೆಯಲ್ಲಿ 12 ಸೆಂಟಿಮೀಟರ್ ಅಗಲಕ್ಕೆ, ಇಂಚಿಗೆ 300 ಚುಕ್ಕೆಯಂತೆ ಅಚ್ಚಾಗಬೇಕಾದರೆ 1,417 ಚುಕ್ಕೆ ಬೇಕು. ಅರ್ಧವೂ ಇಲ್ಲದ ಚಿತ್ರವನ್ನು ಹಿಗ್ಗಿಸಿ ಅಚ್ಚು ಹಾಕಿದಾಗ ತಾಲೂಕಿನ ಹೆಸರು ಓದಲಾಗದ ಮಸಿಯಾಗುತ್ತದೆ. ಪಿಡಿಎಫ್, ಎಸ್‌ವಿಜಿಗಳಲ್ಲಿ ಚುಕ್ಕೆಯ ಲೆಕ್ಕವೇ ಇಲ್ಲ, ಇಲ್ಲಿಂದ ಅಲ್ಲಿಗೆ ಗೆರೆ ಎಂಬ ಸೂಚನೆಯೇ ಫೈಲಿನಲ್ಲಿರುತ್ತದೆ. ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ.

ಈಗ ಕನ್ನಡಕ್ಕೆ. ಬಹಳ ಜನ ಪ್ರೋಗ್ರಾಮ್ ಬರೆಯುವವರು ಇಲ್ಲಿಯವರೆಗೆ ಚೆನ್ನಾಗಿ ಬಂದು, ಚಿತ್ರದ ಮೇಲೆ ಕೆಮ್ಮಣ್ಣು ಎಂದು ಬರೆಯಹೋಗಿ ಸೋತು, ಇಂಗ್ಲಿಷಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಮೊದಲ ಸಲ ಓಡಿಸಿದಾಗ ಊರಿನ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳ ಸಾಲು ಬರುತ್ತದೆ, ಏಕೆಂದರೆ ಮ್ಯಾಟ್‌ಪ್ಲಾಟ್‌ಲಿಬ್ ತನ್ನ ಜೊತೆ ತರುವ ಡೇಜಾವು ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ನೋಟೋ ಸ್ಯಾನ್ಸ್ ಕನ್ನಡ ಎಂಬ ಉಚಿತ ಫಾಂಟ್ ಹಾಕಿದರೆ ಚೌಕಗಳು ಹೋಗಿ ಅಕ್ಷರಗಳು ಬರುತ್ತವೆ. ಬರುವುದು ಮಾತ್ರ ಕೆಮ್ಮಣ್ಣು ಅಲ್ಲ, ಕೆಮ್‌ಮಣ್‌ಣು ಎಂಬಂತೆ ಒತ್ತು ಬಿಚ್ಚಿಕೊಂಡು ನಿಂತ ಏನೋ ಒಂದು.

ಕಾರಣವನ್ನು ಹತ್ತಿರದಿಂದ ನೋಡೋಣ. ಯುನಿಕೋಡಿನಲ್ಲಿ ಕೆಮ್ಮಣ್ಣು ಎಂಬ ಪದ ಒಂಬತ್ತು ಸಂಕೇತಗಳ ಸರಪಳಿ. ಕ, ಎತ್ವದ ಗುರುತು, ಮ, ಹಲಂತ, ಮ, ಣ, ಹಲಂತ, ಣ, ಕೊಂಬು. ಫೈಲಿನಲ್ಲಿ ಎಲ್ಲಿಯೂ ಮ ಒತ್ತು ಇಲ್ಲ, ಣ ಒತ್ತು ಇಲ್ಲ. ಮ, ಹಲಂತ, ಮ ಎಂಬ ಮೂರು ಒಟ್ಟಿಗೆ ಬಂದಾಗ ಎರಡನೆಯ ಮ ಅನ್ನು ಚಿಕ್ಕದಾಗಿಸಿ ಮೊದಲನೆಯದರ ಕೆಳಗೆ ಕೂರಿಸಬೇಕೆಂಬ ನಿಯಮ ಫಾಂಟಿನೊಳಗಿದೆ. ಆ ನಿಯಮವನ್ನು ಓದಿ ಜಾರಿಗೆ ತರುವುದು ಬೇರೆಯೇ ಒಂದು ಸಾಫ್ಟ್‌ವೇರಿನ ಕೆಲಸ. ಬ್ರೌಸರ್‌ಗಳಲ್ಲಿ, ಫೋನುಗಳಲ್ಲಿ ಹಾರ್ಫ್‌ಬಜ್‌ನಂಥ ಸಾಧನಗಳು ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ. ಮ್ಯಾಟ್‌ಪ್ಲಾಟ್‌ಲಿಬ್ ಬಹುಕಾಲ ಆ ಕೆಲಸವನ್ನು ಮಾಡಲೇ ಇಲ್ಲ. ಬಂದ ಸಂಕೇತಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಾ ಹೋಯಿತು. ಇಂಗ್ಲಿಷಿಗೆ ಅಷ್ಟು ಸಾಕು. ಒತ್ತಕ್ಷರದ ಭಾಷೆಗೆ ಸಾಲದು. ಹೆಚ್ಚಿನವರ ಕಂಪ್ಯೂಟರಿನಲ್ಲಿರುವ ಆವೃತ್ತಿಗಳಲ್ಲಿ ಈಗಲೂ ಇದೇ ಸ್ಥಿತಿ. ಕಾಪು, ಮಣಿಪಾಲ ಎಂದು ಬರೆದಾಗ ಒತ್ತಿಲ್ಲದ ಕಾರಣ ದೋಷ ಅಷ್ಟು ಎದ್ದು ಕಾಣುವುದಿಲ್ಲ. ಕಾರ್ಕಳದ ಅರ್ಕಾವತ್ತಿನಲ್ಲಿ ಕಾಣುತ್ತದೆ, ಎರಡೆರಡು ಒತ್ತಿರುವ ಕೆಮ್ಮಣ್ಣಿನಲ್ಲಿ ಬಟಾಬಯಲಾಗುತ್ತದೆ.

ಇದಕ್ಕೆ ಇಂಗ್ಲಿಷಿಗೆ ಹೋಗುವುದು ಪರಿಹಾರವಲ್ಲ, ದಾರಿಗಳಿವೆ. ಒಂದು, ಎಸ್‌ವಿಜಿಯಾಗಿ ಉಳಿಸುವಾಗ ಅಕ್ಷರಗಳನ್ನು ಗೆರೆಯಾಗಿ ಬಿಡಿಸದೆ ಅಕ್ಷರಗಳಾಗಿಯೇ ಬಿಡು ಎಂದು ಮ್ಯಾಟ್‌ಪ್ಲಾಟ್‌ಲಿಬ್‌ಗೆ ಹೇಳುವುದು. ಎಸ್‌ವಿಜಿ ಫಾಂಟ್‌ಟೈಪ್ ಎಂಬ ಆಯ್ಕೆಗೆ ನನ್ ಎಂದು ಕೊಟ್ಟರೆ ಆಯಿತು. ಆಗ ಒಂಬತ್ತು ಸಂಕೇತಗಳು ಹಾಗೆಯೇ ಫೈಲಿನಲ್ಲಿ ಕೂರುತ್ತವೆ, ತೆರೆದ ಬ್ರೌಸರ್ ಒತ್ತುಗಳನ್ನು ಸರಿಯಾಗಿ ಕೂರಿಸುತ್ತದೆ. ಅದನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದು ಪಿಎನ್‌ಜಿ, ಪಿಡಿಎಫ್ ಮಾಡಿಕೊಳ್ಳಬಹುದು. ಈ ಬದಲಾವಣೆಯನ್ನೂ ಪ್ರೋಗ್ರಾಮಿನ ಒಳಗಿನಿಂದಲೇ ಮಾಡಿಸಬಹುದು. ಎರಡು, ಗ್ನೂಪ್ಲಾಟಿನ ಪಿಎನ್‌ಜಿ ಕೈರೋ ಎಂಬ ಔಟ್‌ಪುಟ್ ಬಳಸುವುದು. ಅದು ಅಕ್ಷರ ಜೋಡಿಸುವ ಕೆಲಸವನ್ನು ಪ್ಯಾಂಗೋಗೆ ಒಪ್ಪಿಸುತ್ತದೆ, ಒತ್ತು ಸರಿಯಾಗಿ ಬರುತ್ತದೆ. ಆರ್ ಬಳಸುವವರಿಗೆ ರ್‍ಯಾಗ್ ಎಂಬ ಸಾಧನವಿದೆ, ಅದಕ್ಕೂ ಒತ್ತಕ್ಷರ ಗೊತ್ತು. ಮೂರರಲ್ಲಿ ನನ್ನ ಒಲವು ಮೊದಲನೆಯದರ ಕಡೆಗೆ. ಎಸ್‌ವಿಜಿಯಲ್ಲಿ ಊರಿನ ಹೆಸರು ಅಕ್ಷರವಾಗಿಯೇ ಉಳಿಯುವುದರಿಂದ ಚಿತ್ರದೊಳಗೂ ಹುಡುಕಿದರೆ ಸಿಗುತ್ತದೆ, ಕಾಗುಣಿತ ತಪ್ಪಿದ್ದರೆ ತಿದ್ದಬಹುದು.

ಕನ್ನಡ ಕಂಪ್ಯೂಟರಿನ ಚರಿತ್ರೆಯಲ್ಲಿ ಮಣಿಪಾಲಕ್ಕೆ ತನ್ನದೇ ಜಾಗವಿದೆ. ಅಲ್ಲಿ ನೆಲೆನಿಂತ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೆ ಇವತ್ತು ಕನ್ನಡಿಗರ ಬೆರಳು ಓಡುತ್ತಿದೆ. ಅವರು ತಮ್ಮ ತಂತ್ರಾಂಶಕ್ಕೆ ಇಟ್ಟದ್ದು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು. ಅಕ್ಷರ ಒಳಗೆ ಹೋಗುವ ದಾರಿಯನ್ನು ಅವರ ತಲೆಮಾರು ಸಲೀಸು ಮಾಡಿಕೊಟ್ಟಿತು. ಗ್ರಾಫಿನ ಮೇಲೆ, ನಕ್ಷೆಯ ಮೇಲೆ ಅದೇ ಅಕ್ಷರ ಸರಿಯಾಗಿ ಹೊರಗೆ ಬರುವಂತೆ ಮಾಡುವುದು ಈಗ ಪೈಥಾನ್ ಕಲಿಯುತ್ತಿರುವವರ ಪಾಲಿನ ಕೆಲಸ. ಅದೇ ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವವರಿಗೆ ಇದಕ್ಕಿಂತ ಹತ್ತಿರದ ವಿಷಯ ನನಗಂತೂ ಹೊಳೆಯುತ್ತಿಲ್ಲ.

ಹಲವು ವರ್ಷಗಳ ಮಳೆಯನ್ನು ಒಂದೇ ಗೆರೆಯಲ್ಲಿ ಎಳೆಯುವವರಿಗೆ ಇನ್ನೊಂದು ಮಾತು. ಉಡುಪಿ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕೆ ಹಿಂದಿನ ಅಂಕಿಗಳನ್ನು ದಕ್ಷಿಣ ಕನ್ನಡದ ದಾಖಲೆಗಳಲ್ಲಿ ಹುಡುಕಬೇಕು. ಜಿಲ್ಲೆಯಾದಾಗ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕು. 2018ರ ಹೊತ್ತಿಗೆ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿ ಏಳಾದವು. ಹೊಸ ಉಡುಪಿ ತಾಲೂಕು ಹಳೆಯ ಉಡುಪಿ ತಾಲೂಕಿನ ಒಂದು ತುಂಡು. ಘಟ್ಟದ ಬುಡದ ಹೆಬ್ರಿಯ ಸೀಮೆ ಬೇರೆಯಾದ ಮೇಲೆ ಕಾರ್ಕಳದ ಸರಾಸರಿಯೂ ಹಳೆಯ ಸರಾಸರಿಯಲ್ಲ. ಮಳೆ ಬದಲಾಗದಿದ್ದರೂ ಗಡಿ ಬದಲಾದ್ದರಿಂದ ಗೆರೆ ಏರುವುದೋ ಇಳಿಯುವುದೋ ಆಗಬಹುದು. ಅದನ್ನೇ ಹವಾಮಾನ ಬದಲಾವಣೆ ಎಂದು ಓದುವ ಅಪಾಯವಿದೆ. ಗಡಿ ಬದಲಾದ ವರ್ಷಕ್ಕೆ ಪ್ರೋಗ್ರಾಮಿನಿಂದಲೇ ಒಂದು ಲಂಬ ಗೆರೆ ಎಳೆಸಿ, ಪಕ್ಕದಲ್ಲಿ ಕಾರಣ ಬರೆಸಬೇಕು. ತಾಲೂಕಿನ ಸರಾಸರಿಯ ಬದಲು ಒಂದೇ ಮಾಪಕದ ಅಂಕಿ ಹಿಡಿದು ಹೋದರೆ ಇನ್ನೂ ವಾಸಿ, ಮಾಪಕ ನಿಂತ ಜಾಗ ತಾಲೂಕಿನ ಜೊತೆ ಬದಲಾಗುವುದಿಲ್ಲ.

ಬಣ್ಣದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪಂಚಾಯಿತಿಯ ಪ್ರಿಂಟರ್ ಕಪ್ಪು ಬಿಳುಪು, ಪತ್ರಿಕೆಯ ಒಳಪುಟಗಳೂ ಹೆಚ್ಚಾಗಿ ಹಾಗೆಯೇ. ಕೆಂಪು ಹಸಿರಿನಲ್ಲಿ ಬೇರೆಯಾಗಿ ಕಾಣುವ ಎರಡು ಊರುಗಳು ಅಲ್ಲಿ ಒಂದೇ ಬೂದು. ಒಂದು ಗೆರೆ ತುಂಬಿದ್ದು, ಇನ್ನೊಂದು ಕಡಿಕಡಿದದ್ದು ಇರಲಿ. ನಕ್ಷೆಗಳಿಗಾದರೆ ಮ್ಯಾಟ್‌ಪ್ಲಾಟ್‌ಲಿಬ್ 2017ರಿಂದ ಮೊದಲ ಆಯ್ಕೆಯಾಗಿ ಕೊಡುವ ವಿರಿಡಿಸ್ ಎಂಬ ಬಣ್ಣಸಾಲು ಕಪ್ಪು ಬಿಳುಪಿನಲ್ಲೂ ಕ್ರಮ ತಪ್ಪುವುದಿಲ್ಲ, ಬಣ್ಣಗುರುಡು ಇರುವವರಿಗೂ ಓದಲು ಬರುತ್ತದೆ.

ಸೇವ್‌ಫಿಗ್ ಆಜ್ಞೆಗೆ ಮೆಟಾಡೇಟಾ ಎಂಬ ಒಂದು ಜಾಗವಿದೆ, ಬಳಸುವವರು ಕಡಿಮೆ. ಅಂಕಿ ಯಾರದ್ದು, ಯಾವ ಮಾಪಕದ್ದು, ಯಾವ ದಿನ ತೆಗೆದುಕೊಂಡದ್ದು, ಯಾವ ಪ್ರೋಗ್ರಾಮ್ ಬರೆದದ್ದು ಎಂಬುದನ್ನು ಅಲ್ಲಿ ಬರೆದರೆ ಪಿಎನ್‌ಜಿ ಫೈಲಿನ ಹೊಟ್ಟೆಯೊಳಗೇ ಕೂತಿರುತ್ತದೆ. ವಾಟ್ಸ್‌ಆ್ಯಪ್ ಕುಗ್ಗಿಸುವಾಗ ಅದು ಉದುರಿಹೋಗಬಹುದಾದ್ದರಿಂದ ಚಿತ್ರದ ಕೆಳಗೂ ಸಣ್ಣಕ್ಷರದಲ್ಲಿ ಒಂದು ಸಾಲು ಬರೆಸುವುದು ಒಳ್ಳೆಯದು. ಪಂಚಾಯಿತಿಗೊಂದು ಫೋಲ್ಡರ್ ಇರಲಿ. ಅದರಲ್ಲಿ ಮಳೆಯ ಸಿಎಸ್‌ವಿ, ಅಳತೆಪಟ್ಟಿಯ ದಿನಚರಿ, ಇಪ್ಪತ್ತು ಸಾಲಿನ ಪ್ರೋಗ್ರಾಮ್, ಬಳಸಿದ ಫಾಂಟ್, ದಿನಕ್ಕೊಂದು ಚಿತ್ರ. ಅದರದೊಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಯಾರಾದರೊಬ್ಬರ ಬಳಿ ಇರಲಿ, ನೆರೆ ಬಂದಾಗ ಮೊದಲು ನೆನೆಯುವುದು ಕಚೇರಿಯ ಕೆಳಗಿನ ಕಪಾಟೇ. ಇದನ್ನು ಜೂನ್ 1ಕ್ಕೆ ಮೊದಲು ಸಿದ್ಧಮಾಡಿಟ್ಟುಕೊಂಡರೆ ಮೊದಲ ಮಳೆಯಿಂದಲೇ ದಾಖಲೆ ಶುರುವಾಗುತ್ತದೆ. ಸೆಪ್ಟೆಂಬರ್ ಕಳೆಯುವ ತನಕ ನಿಲ್ಲಿಸಬಾರದು, 2020ರ ನೆರೆ ಬಂದದ್ದು ಮಳೆಗಾಲ ಮುಗಿಯಿತು ಎಂದುಕೊಳ್ಳುವ ಹೊತ್ತಿನಲ್ಲೇ.